ಬಸ್ ಶೆಲ್ಟರಿನ ಫೋಟೋ ಮತ್ತು ಹನ್ನೊಂದು ತಿಂಗಳ ಮಂತ್ರಿ

ಇವತ್ತು ಒಂದು ಬಸ್ ಶೆಲ್ಟರಿನಿಂದ ಮಾತು ಶುರು ಮಾಡ್ತೀನಿ.

ಕೆಲವು ತಿಂಗಳ ಹಿಂದೆ ವರದಿಗೆಂದು ಒಂದು ಹಳ್ಳಿಗೆ ಹೋಗಿದ್ದೆ. ವಾಪಸ್ ಬರುವಾಗ ಕಾರು ಕೈಕೊಟ್ಟಿತು. ಸರಿ, ಬಸ್ಸಿಗೇ ಹೋಗೋಣ ಅಂತ ಹತ್ತಿರದ ಶೆಲ್ಟರಿನಲ್ಲಿ ಕೂತೆ. ಹೊಸ ಶೆಲ್ಟರು. ನೆತ್ತಿಯ ಮೇಲೆ ಜನಪ್ರತಿನಿಧಿಯೊಬ್ಬರು ಕೈಮುಗಿದು ನಿಂತಿರುವ ಫೋಟೋ. ಯಾರ ಅನುದಾನ, ಎಷ್ಟು ಲಕ್ಷ, ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ ಯಾರದು, ಎಲ್ಲವೂ ಗೋಡೆ ಮೇಲಿತ್ತು. ಬಸ್ ಎಷ್ಟು ಗಂಟೆಗೆ ಬರುತ್ತೆ ಅನ್ನೋದೊಂದು ಮಾತ್ರ ಇರಲಿಲ್ಲ.

ಪಕ್ಕದಲ್ಲಿ ಒಬ್ಬ ಅಜ್ಜಿ. ಕೈಯಲ್ಲಿ ಆಸ್ಪತ್ರೆ ಚೀಟಿ. "ಅಜ್ಜೀ, ಬಸ್ಸು ಎಷ್ಟೊತ್ತಿಗೆ?" ಅಂದೆ. "ಬಂದಾಗ ಬತ್ತದೆ ಕಣಪ್ಪ" ಅಂದರು. ಕೋಪ ಇರಲಿಲ್ಲ ಆ ಮಾತಿನಲ್ಲಿ. ನನಗೆ ಬೇಜಾರಾಗಿದ್ದೇ ಅದಕ್ಕೆ.

ಅಲ್ಲಾ ಸ್ವಾಮಿ, ಸಾರ್ವಜನಿಕ ಸಾರಿಗೆಗೆ ದುಡಿದ ನಾಯಕರನ್ನು ನಾವು ಗೌರವಿಸಬೇಕು. ಖಂಡಿತ ಗೌರವಿಸಬೇಕು. ಆದರೆ ಯಾರನ್ನು? ಯಾವ ಲೆಕ್ಕದಲ್ಲಿ? ಶೆಲ್ಟರ್ ಕಟ್ಟಿದವರು ನೆರಳು ಕೊಟ್ಟರು, ಒಪ್ಪೋಣ. ಬಸ್ ಕೊಟ್ಟವರು ಯಾರು? ರೈಲು ತಂದವರು ಯಾರು? ಆ ಲೆಕ್ಕ ಹೇಗೆ ಹಾಕಬೇಕು ಅನ್ನೋದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಉದಾಹರಣೆ ಇದೆ. ಕೊಂಕಣ ರೈಲ್ವೆ.

ಮೊದಲು ಹಳೇ ಪರಿಸ್ಥಿತಿ ನೆನಪು ಮಾಡಿಕೊಳ್ಳಿ. ಮಂಗಳೂರಿನಿಂದ ಮುಂಬೈಗೆ ರೈಲಿನಲ್ಲಿ ಹೋಗಬೇಕೆಂದರೆ ದೇಶ ಸುತ್ತಿ ಹೋಗಬೇಕಿತ್ತು. ಸುಮಾರು 2,040 ಕಿಲೋಮೀಟರ್, 40 ಗಂಟೆಗೂ ಹೆಚ್ಚು. ನೇರ ಕರಾವಳಿ ಹಿಡಿದು ಹೋದರೆ ದೂರ 914 ಕಿಲೋಮೀಟರ್ ಅಷ್ಟೇ. ಆದರೆ ಹಳಿಯೇ ಇಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಮುಂಬೈ ಹೋಟೆಲುಗಳಿಗೆ ಕೆಲಸಕ್ಕೆ ಹೊರಟ ಹುಡುಗರು ಘಟ್ಟ ಹತ್ತಿ ಇಳಿದು ಬಸ್ಸಿನಲ್ಲಿ ಹೋಗುತ್ತಿದ್ದರು. ಊರಲ್ಲಿ ಅಮ್ಮನಿಗೆ ಸೀರಿಯಸ್ ಅಂತ ಟೆಲಿಗ್ರಾಂ ಬಂದರೆ, ಹೊರಟವನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ದೂರ ಅಂದರೆ ಇದು. ನಕ್ಷೆಯಲ್ಲಿ ಅಳೆಯುವ ದೂರ ಬೇರೆ, ಬಡವನು ಅನುಭವಿಸುವ ದೂರ ಬೇರೆ.

ಕರಾವಳಿಗೆ ರೈಲು ಬೇಕು ಅನ್ನುವ ಬೇಡಿಕೆ ಹಳೆಯದು. ಯಾಕೆ ಆಗಲಿಲ್ಲ? ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಅಡ್ಡಡ್ಡ ಹರಿದು ಕಡಲು ಸೇರುತ್ತವೆ. ಅಂದರೆ ಪ್ರತಿ ಹೊಳೆಗೂ ಸೇತುವೆ, ಪ್ರತಿ ಗುಡ್ಡಕ್ಕೂ ಸುರಂಗ. ಇಷ್ಟು ಹಣ ಎಲ್ಲಿಂದ ತರೋದು? ರೈಲ್ವೆ ಬಜೆಟ್ಟಿನಲ್ಲಿ ವರ್ಷಕ್ಕಿಷ್ಟು ಅಂತ ಚಿಲ್ಲರೆ ಕೊಡುತ್ತಾ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯೋದಿಲ್ಲ.

1989ರ ಡಿಸೆಂಬರ್. ದೆಹಲಿಯಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಂತು. ಒಂದು ಅಪರೂಪದ ಕಾಕತಾಳೀಯ ನೋಡಿ. ರೈಲ್ವೆ ಮಂತ್ರಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಹಣಕಾಸು ಮಂತ್ರಿ, ಮಹಾರಾಷ್ಟ್ರದ ಕೊಂಕಣದ ರಾಜಾಪುರದಿಂದ ಗೆಲ್ಲುತ್ತಿದ್ದ ಮಧು ದಂಡವತೆ. ಯೋಜನಾ ಆಯೋಗದ ಉಪಾಧ್ಯಕ್ಷರು ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ. ಹಳಿ ಹಾಕುವವರು, ಹಣ ಕೊಡುವವರು, ಒಪ್ಪಿಗೆ ಕೊಡುವವರು, ಮೂವರೂ ಈ ಕರಾವಳಿ ಸೀಮೆಯ ಕಷ್ಟ ಗೊತ್ತಿದ್ದವರೇ.

ಜಾರ್ಜ್ ಫರ್ನಾಂಡಿಸ್ ಅಂದರೆ ಯಾರು? 1974ರ ಮೇ ತಿಂಗಳಲ್ಲಿ ಇಡೀ ದೇಶದ ರೈಲು ಮುಷ್ಕರ ನಡೆಸಿದ ಕಾರ್ಮಿಕ ನಾಯಕ. ರೈಲು ನಿಲ್ಲಿಸಿದವರ ಕೈಗೇ ರೈಲ್ವೆ ಖಾತೆ ಬಂತು! ಇನ್ನು ದಂಡವತೆ. 1977ರಲ್ಲಿ ಅವರು ರೈಲ್ವೆ ಮಂತ್ರಿಯಾಗಿದ್ದಾಗ ಎರಡನೇ ದರ್ಜೆಯ ಬರಿ ಮರದ ಹಲಗೆಗಳ ಮೇಲೆ ಎರಡಿಂಚಿನ ಫೋಮ್ ಹಾಕಿಸುವ ಕೆಲಸ ಶುರು ಮಾಡಿದವರು. ಇವತ್ತು ನೀವು ಸ್ಲೀಪರ್ ಬೋಗಿಯಲ್ಲಿ ಬೆನ್ನು ನೋಯದೆ ಮಲಗ್ತೀರಲ್ಲ, ಆ ಮೆತ್ತೆಗೆ ದಂಡವತೆ ಅಂತ ಹೆಸರು ಬರೆದಿಲ್ಲ. ಬರೆಯೋದೂ ಬೇಕಿಲ್ಲ. ಆದರೆ ನಾವು ಮರೆಯಬಾರದು ಅಷ್ಟೇ.

ಹಣದ ಸಮಸ್ಯೆಗೆ ಇವರು ಕಂಡುಕೊಂಡ ದಾರಿ ಏನು? ಬಜೆಟ್ಟಿನ ಸರದಿಯಲ್ಲಿ ನಿಲ್ಲಲಿಲ್ಲ. 1990ರ ಜುಲೈನಲ್ಲಿ ಕೊಂಕಣ ರೈಲ್ವೆ ನಿಗಮ ಅಂತ ಪ್ರತ್ಯೇಕ ಕಂಪನಿಯನ್ನೇ ಮಾಡಿದರು. ಅದರಲ್ಲಿ ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರದ್ದು 22, ನಮ್ಮ ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಗಮನಿಸಿ, ಕೇರಳದಲ್ಲಿ ಈ ನಿಗಮದ ಹಳಿ ಒಂದಿಂಚೂ ಇಲ್ಲ, ಆದರೂ ಪಾಲು ಹಾಕಿತು. ಯಾಕಂದ್ರೆ ಅವರ ಜನಕ್ಕೂ ಮುಂಬೈ ಹತ್ತಿರವಾಗುತ್ತೆ. ಉಳಿದ ಹಣವನ್ನು ಬಾಂಡ್ ಮಾರಿ ಸಾಲವಾಗಿ ಎತ್ತಿದರು. ಕಟ್ಟು, ಓಡಿಸು, ದುಡಿದು ಸಾಲ ತೀರಿಸು. ಇದು ಸೂತ್ರ.

ಈ ಸೂತ್ರ ಪುಕ್ಕಟೆಯಾಗೇನೂ ಬರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಸಾಲದ ಬಡ್ಡಿ ನಿಗಮವನ್ನು ವರ್ಷಾನುಗಟ್ಟಲೆ ಹಿಂಡಿತು. ಆ ಹೊರೆ ತೂಗಿಸಲು ಈ ಮಾರ್ಗದಲ್ಲಿ ಇರುವುದಕ್ಕಿಂತ ಹೆಚ್ಚಿನ ಕಿಲೋಮೀಟರ್ ಲೆಕ್ಕ ಹಿಡಿದು ದರ ವಸೂಲಿ ಮಾಡಿದರು. ಅಂದರೆ ಭಾರ ಸ್ವಲ್ಪ ಪ್ರಯಾಣಿಕನ ಜೇಬಿಗೂ ಬಿತ್ತು. ನಾಯಕರನ್ನು ಹೊಗಳುವಾಗ ಬಿಲ್ಲನ್ನೂ ತೋರಿಸಬೇಕು. ಆಗಲೇ ಹೊಗಳಿಕೆಗೆ ತೂಕ.

ಕಟ್ಟಿಸುವ ಹೊಣೆ ಯಾರಿಗೆ ಕೊಟ್ಟರು? ಆಗಷ್ಟೇ ರೈಲ್ವೆಯಿಂದ ನಿವೃತ್ತರಾಗಿದ್ದ ಇ. ಶ್ರೀಧರನ್ ಅವರಿಗೆ. 1964ರ ಚಂಡಮಾರುತದಲ್ಲಿ ಹಾಳಾದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದ ಎಂಜಿನಿಯರ್. ಕೆಲಸ ಮುಗಿಯಲು ಇನ್ನೆಷ್ಟು ದಿನ ಬಾಕಿ ಅಂತ ಹಿಂದಕ್ಕೆ ಎಣಿಸುವ ಗಡಿಯಾರವನ್ನು ಕಚೇರಿಗಳಲ್ಲಿ ನೇತುಹಾಕಿಸಿದವರು ಅವರೇ. ಮಂತ್ರಿ ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಸರಿಯಾದ ಮನುಷ್ಯನನ್ನು ಹುಡುಕಿ ಕೂರಿಸಿದ್ದು.

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. 1990ರ ಸೆಪ್ಟೆಂಬರ್ 15ಕ್ಕೆ ರೋಹಾದಲ್ಲಿ ಶಂಕುಸ್ಥಾಪನೆ. ನವೆಂಬರಿನಲ್ಲಿ ಸರ್ಕಾರವೇ ಬಿತ್ತು! ಜಾರ್ಜ್ ಆ ಖಾತೆಯಲ್ಲಿ ಇದ್ದದ್ದು ಬರೀ ಹನ್ನೊಂದು ತಿಂಗಳು. ನಮ್ಮ ದೇಶದಲ್ಲಿ ಇಂಥ ಶಿಲಾನ್ಯಾಸದ ಕಲ್ಲುಗಳಿಗೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ? ಪಾಚಿ ಕಟ್ಟುತ್ತೆ, ಮೇಕೆ ಕಟ್ಟಿಹಾಕ್ತಾರೆ.

ಇಲ್ಲಿ ಹಾಗಾಗಲಿಲ್ಲ. 1991ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ರೈಲ್ವೆ ಖಾತೆ ಚಿತ್ರದುರ್ಗ ಜಿಲ್ಲೆಯವರಾದ ಸಿ.ಕೆ. ಜಾಫರ್ ಷರೀಫ್ ಅವರ ಕೈಗೆ ಬಂತು. ಅವರ ಅವಧಿಯಲ್ಲೂ ಕೆಲಸ ಸಾಗಿತು. 1993ರ ಮಾರ್ಚ್‌ನಲ್ಲಿ ಮಂಗಳೂರು–ಉಡುಪಿ ನಡುವೆ ರೈಲು ಓಡಿತು. ಗೋವಾದಲ್ಲಿ ಮಾರ್ಗದ ವಿರುದ್ಧ ಪ್ರತಿಭಟನೆ ಎದ್ದು ಕೆಲಸ ಕೆಲಕಾಲ ನಿಂತಿತು, ಮತ್ತೆ ಶುರುವಾಯಿತು. ಪೆರ್ನೆಂ ಸುರಂಗದ ಮೆದುಮಣ್ಣು ಕುಸಿದು ಕುಸಿದು ವರ್ಷಗಳನ್ನೇ ತಿಂದಿತು. ಕೊನೆಗೆ 1998ರ ಜನವರಿ 26ಕ್ಕೆ ಇಡೀ ಮಾರ್ಗ ತೆರೆಯಿತು. ಸುಮಾರು 740 ಕಿಲೋಮೀಟರ್, 90ಕ್ಕೂ ಹೆಚ್ಚು ಸುರಂಗ, ಸುಮಾರು ಎರಡು ಸಾವಿರ ಸೇತುವೆ. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ ಸೇತುವೆಯೊಂದೇ ಎರಡು ಕಿಲೋಮೀಟರ್ ಉದ್ದ.

ಶುರುವಿನಿಂದ ಕೊನೆಯವರೆಗೆ ದೇಶ ಆರು ಪ್ರಧಾನಿಗಳನ್ನು ಕಂಡಿತು. ವಿ.ಪಿ. ಸಿಂಗ್, ಚಂದ್ರಶೇಖರ್, ನರಸಿಂಹ ರಾವ್, ವಾಜಪೇಯಿ, ದೇವೇಗೌಡ, ಗುಜ್ರಾಲ್. ಯಾರೂ "ಇದು ಅವನ ಯೋಜನೆ, ಮೂಲೆಗೆ ಹಾಕಿ" ಅನ್ನಲಿಲ್ಲ. ನನ್ನ ಪ್ರಕಾರ ಶುರು ಮಾಡಿದವರಿಗೆ ಎಷ್ಟು ಗೌರವವೋ, ನಿಲ್ಲಿಸದವರಿಗೂ ಅಷ್ಟೇ ಗೌರವ ಸಲ್ಲಬೇಕು. ಜಾಫರ್ ಷರೀಫರಿಗಂತೂ ಇನ್ನೊಂದು ಕಾರಣಕ್ಕೆ ಸಲ್ಲಬೇಕು. 1992ರಲ್ಲಿ ಅವರು ಯೂನಿಗೇಜ್ ಯೋಜನೆ ತಂದರು. ಒಂದು ಮೀಟರ್ ಅಗಲದ ಹಳಿ ಕಿತ್ತು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಹಾಕುವ ಕೆಲಸ. ಮೀಟರ್‌ಗೇಜಿನ ಕಾಲದಲ್ಲಿ ಹುಬ್ಬಳ್ಳಿಯವರು ಮುಂಬೈಗೆ ಹೋಗುವಾಗ ಮೀರಜ್‌ನಲ್ಲಿ ಟ್ರಂಕು, ಮಕ್ಕಳು, ಮರಿ ಎಲ್ಲ ಇಳಿಸಿಕೊಂಡು ರೈಲು ಬದಲಾಯಿಸುತ್ತಿದ್ದ ಪಾಡು ಹಿರಿಯರಿಗೆ ನೆನಪಿರುತ್ತೆ, ಕೇಳಿ ನೋಡಿ.

ಹಾಗಾದರೆ ನನ್ನ ಲೆಕ್ಕ ಇಷ್ಟೇ. ಸಾರಿಗೆಗೆ ದುಡಿದ ನಾಯಕ ಅಂತ ಯಾರನ್ನಾದರೂ ಕರೆಯುವ ಮೊದಲು ಮೂರು ಪ್ರಶ್ನೆ ಕೇಳಿ. ಒಂದು, ಉದ್ಘಾಟನೆಗೆ ತಾನು ಕುರ್ಚಿಯಲ್ಲಿ ಇರಲ್ಲ ಅಂತ ಗೊತ್ತಿದ್ದೂ ಕೆಲಸಕ್ಕೆ ಕೈ ಹಾಕಿದನಾ? ಎರಡು, ಬರೀ ಘೋಷಣೆ ಮಾಡಿದನಾ, ಹಣದ ದಾರಿಯನ್ನೂ ತೋರಿಸಿದನಾ? ಮೂರು, ಎದುರು ಪಕ್ಷದವನು ಶುರು ಮಾಡಿದ ಒಳ್ಳೇ ಕೆಲಸವನ್ನು ಮುಂದುವರಿಸಿದನಾ? ಈ ಮೂರರಲ್ಲಿ ಒಂದಕ್ಕಾದರೂ ಹೌದು ಅನ್ನೋ ಉತ್ತರ ಬಂದರೆ ಹಾರ ಹಾಕಿ. ನಾನೂ ಚಪ್ಪಾಳೆ ತಟ್ತೀನಿ.

ಹಾರ ಹಾಕುವಾಗ ಇನ್ನು ಕೆಲವರಿಗೂ ಒಂದೊಂದು ಎಳೆ ತೆಗೆದಿಡಿ. ಕೊಂಕಣ ಹಳಿ ಹಾಕುವಾಗ ಪ್ರಾಣ ಬಿಟ್ಟ ಕಾರ್ಮಿಕರಿಗೆ ರತ್ನಾಗಿರಿಯಲ್ಲಿ ಒಂದು ಸ್ಮಾರಕ ಇದೆ. ಹೋದಾಗ ಒಂದು ನಿಮಿಷ ನಿಲ್ಲಿ. ಇವತ್ತಿಗೂ ಮಳೆಗಾಲದಲ್ಲಿ, ಗುಡ್ಡ ಜರಿದಿದೆಯಾ, ಹಳಿ ಮೇಲೆ ಬಂಡೆ ಬಿದ್ದಿದೆಯಾ ಅಂತ ನೋಡುತ್ತಾ ರಾತ್ರಿಯಿಡೀ ಹಳಿಗುಂಟ ನಡೆಯುವ ಗಸ್ತು ಸಿಬ್ಬಂದಿ ಇದ್ದಾರೆ. ನಾವು ಬೋಗಿಯಲ್ಲಿ ಹೊದ್ದು ಮಲಗಿರುವಾಗ ಹೊರಗೆ ಟಾರ್ಚ್ ಹಿಡಿದು ಒಬ್ಬ ನಡೆಯುತ್ತಿರುತ್ತಾನೆ. ನಮ್ಮ ಸಾರಿಗೆ ನಿಗಮಗಳು ಅಪಘಾತ ಮಾಡದೆ ವರ್ಷಾನುಗಟ್ಟಲೆ ಬಸ್ ಓಡಿಸಿದ ಚಾಲಕರಿಗೆ ಬೆಳ್ಳಿ, ಚಿನ್ನದ ಪದಕ ಕೊಡುತ್ತವೆ. ಒಳ್ಳೇ ಪದ್ಧತಿ. ಆದರೆ ಆ ಸುದ್ದಿಯನ್ನು ನಮ್ಮ ಚಾನೆಲ್ಲುಗಳು ಎಷ್ಟು ಸೆಕೆಂಡ್ ತೋರಿಸ್ತವೆ? ನನ್ನನ್ನೂ ಸೇರಿಸಿಯೇ ಕೇಳ್ತಿದೀನಿ.

ಜಾರ್ಜ್ ಫರ್ನಾಂಡಿಸ್ 2019ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು. ದೊಡ್ಡ ಗೌರವ, ಸಂತೋಷ. ಆದರೆ ಮುಂಬೈಯಲ್ಲಿ ಸಂಜೆ ರೈಲು ಹತ್ತಿದ ಮಗ ಮಾರನೇ ದಿನ ಕುಂದಾಪುರದಲ್ಲಿ ಇಳಿದು ಅಮ್ಮನ ಕೈ ಹಿಡಿದುಕೊಳ್ತಾನಲ್ಲ, ಅದಕ್ಕಿಂತ ದೊಡ್ಡ ಪದಕ ಇದೆಯೇನ್ರಿ?

ಆ ಹಳ್ಳಿಯ ಶೆಲ್ಟರಿನಲ್ಲಿ ಬಸ್ಸು ಬರೋಕೆ ಒಂದೂವರೆ ಗಂಟೆ ಆಯಿತು. ಅಜ್ಜಿಯ ಜೊತೆಗೇ ಹತ್ತಿದೆ. ಸೀಟಿನಲ್ಲಿ ಕೂತು ಅಜ್ಜಿ ಚೀಟಿಯನ್ನು ಮತ್ತೊಮ್ಮೆ ಬಿಚ್ಚಿ ನೋಡಿಕೊಂಡರು. "ಡಾಕ್ಟ್ರು ಒಂದು ಗಂಟೆಗೆ ಎದ್ದು ಹೋಗ್ತಾರೆ" ಅಂದರು. ನಾನು ವಾಚ್ ನೋಡಿದೆ. ಹನ್ನೆರಡೂ ಮುಕ್ಕಾಲು.

ಶೆಲ್ಟರ್ ಕಟ್ಟಿಸುವ ಮಾನ್ಯರಲ್ಲಿ ಒಂದು ಮನವಿ. ಫೋಟೋ ಇರಲಿ, ಬೇಡ ಅನ್ನಲ್ಲ. ಅದರ ಕೆಳಗೆ ಬಸ್ಸಿನ ಟೈಮ್ ಬರೆಸಿ. ಆ ಟೈಮಿಗೆ ಬಸ್ ಬರುವ ಹಾಗೆ ಮಾಡಿ. ಆಗ ಅಜ್ಜಿಯೇ ತಲೆ ಎತ್ತಿ ನಿಮ್ಮ ಫೋಟೋ ನೋಡ್ತಾರೆ.