ಇಫ್ತಾರ್: ಶಿವಾಜಿನಗರದ ಗಂಜಿ, ದಸ್ತರ್‌ಖಾನ್ ಮತ್ತು ಬೀದಿ

ರಂಜಾನ್ ತಿಂಗಳಲ್ಲಿ ಹಗಲಿಡೀ ಹಿಡಿದ ರೋಜಾವನ್ನು, ಅಂದರೆ ಉಪವಾಸವನ್ನು, ಸೂರ್ಯ ಮುಳುಗಿದೊಡನೆ ಬಿಡುವ ಊಟವೇ ಇಫ್ತಾರ್. ನಸುಕಿಗೆ ಮುಂಚೆ ಸಹರಿ ಉಂಡವರು ಸಂಜೆಯ ಮಗ್ರಿಬ್ ನಮಾಜಿನ ಕರೆಯಾದ ಆಜಾನ್ ಕೇಳುವವರೆಗೆ ನೀರನ್ನೂ ಮುಟ್ಟುವುದಿಲ್ಲ. ಬೆಂಗಳೂರು, ಪುಣೆಗಳಲ್ಲಿ ಇದು 12 ಗಂಟೆ ದಾಟಿದ ಉಪವಾಸ. ಬೇಸಿಗೆಯಲ್ಲಿ 14 ಗಂಟೆಯನ್ನೂ ಮುಟ್ಟುತ್ತದೆ. ಚಾಂದ್ರಮಾನದ ಲೆಕ್ಕವಾದ್ದರಿಂದ ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ.

ಮೊದಲು ಖರ್ಜೂರ, ನೀರು, ಆಮೇಲೆ ನಮಾಜು, ಊಟ ಆ ಬಳಿಕ. ರೋಜಾದಾರನಿಗೆ ಇಫ್ತಾರ್ ಮಾಡಿಸಿದವರಿಗೂ ಅವನಷ್ಟೇ ಪುಣ್ಯ, ಅದರಿಂದ ಅವನ ಪಾಲೇನೂ ತಗ್ಗದು ಎಂಬುದು ಹದೀಸಿನ, ಅಂದರೆ ಪ್ರವಾದಿ ವಚನದ, ಮಾತು. ಹಂಚಿ ತಿನ್ನುವ ರೂಢಿಯ ಬೇರು ಇಲ್ಲಿದೆ. ಒಂದು ಖರ್ಜೂರ ಕೊಟ್ಟರೂ ಸಾಕೆಂಬ ಕಾರಣಕ್ಕೆ ಬಡವರೂ ಇದರಲ್ಲಿ ಅತಿಥಿಗಳಷ್ಟೇ ಅಲ್ಲ, ಆತಿಥೇಯರೂ ಹೌದು.

ಪುಣೆಗೆ ಒಂದು ಶಿವಾಜಿನಗರವಿದೆ, ಬೆಂಗಳೂರಿಗೂ ಒಂದಿದೆ. ಪುಣೆಯ ರಂಜಾನ್ ಸಂಜೆಗಳು ಮೋಮಿನ್‌ಪುರ, ಕ್ಯಾಂಪ್, ಕೊಂಢ್ವಾಗಳಲ್ಲಿ ರಂಗೇರಿದರೆ, ಬೆಂಗಳೂರಿನಲ್ಲಿ ಆ ಖ್ಯಾತಿ ಸಂದಿರುವುದು ಶಿವಾಜಿನಗರಕ್ಕೇ. 1809ರಲ್ಲಿ ಬ್ರಿಟಿಷರ ದಂಡು ಪ್ರದೇಶ ನೆಲೆಗೊಂಡ ಮೇಲೆ ಸಿಪಾಯಿಗಳು, ವ್ಯಾಪಾರಿಗಳು ಆ ದಂಡಿನ ಸುತ್ತ ಬಂದು ಸೇರಿದರು. ದಖ್ಖನಿ ಉರ್ದು ಆಡುವವರು, ತಮಿಳು ಮಾತಿನ ಮುಸ್ಲಿಮರು, ಕಚ್ಛಿ ಮೇಮನ್ ವರ್ತಕರು ಒಂದೇ ಓಣಿಗಳಲ್ಲಿ ಬಾಳಿದ್ದರ ಗುರುತು ಇಲ್ಲಿನ ಇಫ್ತಾರ್ ತಟ್ಟೆಯಲ್ಲೇ ಸಿಗುತ್ತದೆ.

ಆ ಗುರುತುಗಳಲ್ಲಿ ಗಂಜಿ ದೊಡ್ಡದು. ತಮಿಳು ಸೀಮೆಯ ಮಸೀದಿಗಳಿಂದ ಬಂದ ಅಡುಗೆ ಇದು. ಅಕ್ಕಿ, ಹೆಸರುಬೇಳೆ, ಮೆಂತ್ಯ, ಶುಂಠಿ ಬೆಳ್ಳುಳ್ಳಿ, ಒಂದಿಷ್ಟು ಖೀಮಾ ಸೇರಿಸಿ ದೊಡ್ಡ ದೇಗಿನಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತ ಮೆತ್ತಗೆ ಬೇಯಿಸುತ್ತಾರೆ. ಕೆಲವರು ತೆಂಗಿನ ಹಾಲು ಸುರಿಯುತ್ತಾರೆ. ಹಗಲಿಡೀ ಬರಿದಾದ ಹೊಟ್ಟೆಗೆ ಇದಕ್ಕಿಂತ ಹಿತವಾದದ್ದು ಕಡಿಮೆ. ಮಸೀದಿಯಲ್ಲಿ ಬೆಂದ ಗಂಜಿ ಅಲ್ಲಿಗೇ ಮುಗಿಯುವುದಿಲ್ಲ, ಪಾತ್ರೆ ಹಿಡಿದು ಬಂದ ನೆರೆಹೊರೆಯವರ ಮನೆಗೂ ಹೋಗುತ್ತದೆ.

ಮಸೀದಿಯೊಳಗೆ ನೆಲದ ಮೇಲೆ ಉದ್ದಕ್ಕೆ ದಸ್ತರ್‌ಖಾನ್ ಎಂಬ ಊಟದ ಬಟ್ಟೆ ಹಾಸಿ ಖರ್ಜೂರ, ಕಲ್ಲಂಗಡಿ, ಬಾಳೆಹಣ್ಣು, ಸಮೋಸ, ಶರಬತ್ತು ಇಡುತ್ತಾರೆ. ಒಂದೊಂದು ದಿನದ ಖರ್ಚನ್ನು ಒಂದೊಂದು ಮನೆಯವರು ವಹಿಸಿಕೊಳ್ಳುವುದೂ ಉಂಟು. ಅಂಗಡಿ ಮಾಲೀಕ, ಹಮಾಲಿ, ಊರಿಗೆ ಹೊಸಬನಾದ ವಿದ್ಯಾರ್ಥಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಯಾರು ಎಲ್ಲಿಯವರೆಂದು ಕೇಳುವವರಿಲ್ಲ.

ಫೋಟೋಗಳಲ್ಲಿ ಕಾಣುವುದು ಮಾತ್ರ ಬೀದಿ. ರಸೆಲ್ ಮಾರುಕಟ್ಟೆಯ ಸುತ್ತಮುತ್ತ, ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ ಸೀಖ್ ಕಬಾಬ್, ಪತ್ಥರ್ ಕಾ ಗೋಶ್ತ್, ಹಲೀಮ್, ಫಿರ್ನಿಗಳಿಗೆ ಎಲ್ಲ ಧರ್ಮದವರೂ ಮುಗಿಬೀಳುತ್ತಾರೆ. ಗೋಧಿ, ಬೇಳೆ, ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಗೊಟಾಯಿಸುವ ಹಲೀಮ್ ಹೈದರಾಬಾದಿನ ನಂಟು. ಹೈದರಾಬಾದಿ ಹಲೀಮ್‌ಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ರಾತ್ರಿಯ ತರಾವೀಹ್ ನಮಾಜು ಮುಗಿದ ಮೇಲೂ ಗಿರಾಕಿಗಳು ಕರಗುವುದಿಲ್ಲ. ರುಚಿಯ ಮಟ್ಟಿಗೆ ಬೀದಿಯೇ ಗೆಲ್ಲಬಹುದು, ಆದರೆ ಅದು ವ್ಯಾಪಾರ. ವಾಹನ ದಟ್ಟಣೆ, ಕಸದ ಬಗ್ಗೆ ನಿವಾಸಿಗಳ ತಕರಾರೂ ಇದೆ. ಇಫ್ತಾರ್ ಎಂಬ ವ್ಯವಸ್ಥೆ ನಿಂತಿರುವುದು ಗಂಜಿಯ ದೇಗಿನ ಮೇಲೆ.

ರಾಜಕಾರಣಿಗಳ ಇಫ್ತಾರ್ ಕೂಟಗಳದ್ದು ಬೇರೆಯೇ ದಾರಿ. ಅಲ್ಲಿ ಹಸಿದವರಿಗಿಂತ ಟೋಪಿ ಹಾಕಿಕೊಂಡ ಅತಿಥಿಗಳೇ ಹೆಚ್ಚು. ರಾಷ್ಟ್ರಪತಿಯಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ 2002ರಲ್ಲಿ ಕೂಟದ ಬದಲು ಆ ಹಣ ಅನಾಥಾಲಯಗಳಿಗೆ ಸಲ್ಲುವಂತೆ ಮಾಡಿದ್ದರು.

ಹಂಚಿ ಉಣ್ಣುವ ಈ ರೂಢಿಗೆ ಹೊರಗಿನ ಮನ್ನಣೆಯೂ ಸಿಕ್ಕಿದೆ. ಅಜರ್‌ಬೈಜಾನ್, ಇರಾನ್, ತುರ್ಕಿ, ಉಜ್ಬೇಕಿಸ್ತಾನಗಳು ಕೂಡಿ ಸಲ್ಲಿಸಿದ ಪ್ರಸ್ತಾವದಂತೆ 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಇಫ್ತಾರನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಫ್ತಾರ್‌ಗೆ ಕರೆ ಬಂದವರು ರೋಜಾ ಇಟ್ಟಿರಲೇಬೇಕೆಂದಿಲ್ಲ. ಆಜಾನ್‌ಗೆ ಹತ್ತು ನಿಮಿಷ ಮುಂಚೆ ಹೋಗಿ ಕೂರಬೇಕು. ಕೈಯಲ್ಲಿ ಹಣ್ಣೋ ಖರ್ಜೂರವೋ ಇದ್ದರೆ ಒಳ್ಳೆಯದು.