ನ್ಯಾನೊಟ್ಯೂಬ್ ಫೋಟೊದಲ್ಲಿ ಕಾಣದಿರೋ ಮೂರನೇ ಒಂದು ಪಾಲು

ಮೊದಲು ಒಂದು ಕೆಲಸ ಮಾಡಿ. ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಅದರ ಮುಂದೆ ಮಾಮೂಲಿ ಟಿವಿ ರಿಮೋಟ್ ಹಿಡಿದು ಬಟನ್ ಒತ್ತಿ. ರಿಮೋಟಿನ ತುದಿಯ ಪುಟ್ಟ ಬಲ್ಬು ಬರಿಗಣ್ಣಿಗೆ ಕಾಣಲ್ಲ, ಆದ್ರೆ ಬಹುತೇಕ ಫೋನ್‌ಗಳ ಸ್ಕ್ರೀನ್ ಮೇಲೆ ಮಿನುಗುತ್ತೆ. ಅದು ಇನ್‌ಫ್ರಾರೆಡ್. ಇವತ್ತಿನ ಎಪಿಸೋಡ್ ಇಂಥ ಬೆಳಕು ಬೀರೋ ಕಾರ್ಬನ್ ನ್ಯಾನೊಟ್ಯೂಬ್ ಬಗ್ಗೆ.

ಕೋಳಿಗೂಡಿಗೆ ಹಾಕೋ ಆರು ಮೂಲೆ ಕಣ್ಣಿನ ಜಾಲರಿ ನೋಡಿದೀರಲ್ಲ? ಅದನ್ನ ಸುತ್ತಿ ಕೊಳವೆ ಮಾಡಿದ್ದೀವಿ, ಒಂದೊಂದು ಗಂಟಿನಲ್ಲೂ ಒಂದೊಂದು ಇಂಗಾಲದ ಪರಮಾಣು ಕೂತಿದೆ ಅಂದ್ಕೊಳ್ಳಿ. ಒಂದೇ ಪದರದ ಕೊಳವೆಯ ಅಗಲ ಸುಮಾರು 1 ನ್ಯಾನೊಮೀಟರ್. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹಲವು ಪದರದ ಕೊಳವೆಗಳನ್ನ ಕಂಡು ವರದಿ ಮಾಡಿದ ಮೇಲೆ ಎಲ್ಲರೂ ಇದರ ಹಿಂದೆ ಬಿದ್ರು.

ಮಜಾ ಇರೋದು ಸುತ್ತೋದರಲ್ಲಿ. ಒಂದು ಕೋನದಲ್ಲಿ ಸುತ್ತಿದ್ರೆ ಸಿಲಿಕಾನ್ ಥರ ಅರೆವಾಹಕ. ಒಂಚೂರು ಬೇರೆ ಕೋನವಾದ್ರೆ ತಂತಿ ಥರ ಲೋಹ. ಎಲ್ಲಾ ಬಗೆ ಬೆರೆತ ರಾಶಿಯಲ್ಲಿ ಸುಮಾರು ಮೂರರಲ್ಲಿ ಒಂದು ಲೋಹ. ಚಿಪ್ ಮಾಡೋರಿಗೆ ಇದೇ ತಲೆನೋವು, ಯಾಕಂದ್ರೆ ಲೋಹದ ಕೊಳವೆ ಸೇರಿಕೊಂಡ್ರೆ ಸ್ವಿಚ್ ಆಫ್ ಮಾಡಿದ್ರೂ ಕರೆಂಟ್ ಹರೀತಾನೇ ಇರುತ್ತೆ.

ಯಾವುದು ಯಾವ ಬಗೆ ಅಂತ ಗೊತ್ತಾಗೋದು ಹೇಗೆ? 1998ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಹಾರ್ವರ್ಡ್ ತಂಡಗಳು ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್ ಬಳಸಿದವು. ಚೂಪು ಸೂಜಿಯನ್ನ ಕೊಳವೆಗೆ ತಾಗದಷ್ಟು ಹತ್ತಿರ ತಂದು, ನಡುವಿನ ಸಂದು ದಾಟೋ ಕರೆಂಟ್ ಅಳೆಯೋದು. ಪರಮಾಣುಗಳ ಓರೆಯೂ ಕಂಡಿತು, ಅದೇ ಕೊಳವೆ ಲೋಹವೋ ಅರೆವಾಹಕವೋ ಅನ್ನೋದೂ ತಿಳೀತು. ಆದ್ರೆ ಒಂದೊಂದೇ ಕೊಳವೆ. ರಾಶಿಗೆ ಹೀಗೆ ಮಾಡ್ತಾ ಕೂತ್ರೆ ಮುಗಿದ ಹಾಗೇ.

2002ರಲ್ಲಿ ರೈಸ್ ವಿಶ್ವವಿದ್ಯಾಲಯದವರು ಬೆಳಕಿನ ದಾರಿ ತೋರಿಸಿದ್ರು. ಕೊಳವೆಗಳು ಒಂದಕ್ಕೊಂದು ಅಂಟಿಕೊಂಡಿದ್ರೆ ಹೊಳೆಯಲ್ಲ. ಸೋಪಿನಂಥ ವಸ್ತು ಹಾಕಿ ಬಿಡಿಸಿ ಬೆಳಕು ಬಿಟ್ಟರೆ, ಅರೆವಾಹಕದ ಒಂದೊಂದು ಬಗೆಯೂ ತನ್ನದೇ ತರಂಗಾಂತರದ ಇನ್‌ಫ್ರಾರೆಡ್ ಬೀರುತ್ತೆ. ಅದು 1,100 ನ್ಯಾನೊಮೀಟರ್ ಆಚೆಗೂ ಹೋಗೋದರಿಂದ ನಮ್ಮ ಫೋನಿನ ಸಿಲಿಕಾನ್ ಸೆನ್ಸರ್ ಸಾಲಲ್ಲ, ಬೇರೆಯೇ ಕ್ಯಾಮೆರಾ ಬೇಕು. ಇನ್ನೊಂದು ವಿಷಯ, ಫೋಟೊದಲ್ಲಿ ಕಾಣೋ ಗೆರೆಯ ದಪ್ಪ ಕೊಳವೆಯದ್ದಲ್ಲ. ಬೆಳಕು ಹರಡಿ ನೂರಾರು ಪಟ್ಟು ದಪ್ಪ ಕಾಣುತ್ತೆ.

ಕೊಕ್ಕೆ ಏನಂದ್ರೆ, ಲೋಹದ ಕೊಳವೆಗಳು ಹೀಗೆ ಹೊಳೆಯೋದೇ ಇಲ್ಲ! ಚಿಪ್ ಕೆಡಿಸೋದು ಯಾವುದೋ ಅದೇ ಫೋಟೊದಲ್ಲಿ ಕತ್ತಲೆ. ಆ ಕತ್ತಲೆಗೆ ಅರ್ಥ ಹಲವು. ಅಲ್ಲಿ ಲೋಹ ಇರಬಹುದು, ಅಂಟಿಕೊಂಡ ಗೊಂಚಲಿರಬಹುದು, ಹಾಳಾದ ಕೊಳವೆ ಇರಬಹುದು, ಏನೂ ಇಲ್ಲದೇನೂ ಇರಬಹುದು. ಬಿಕಾಂ ಮುಗಿಸಿ ಒಂದು ಆಡಿಟ್ ಕಚೇರಿಯಲ್ಲಿ ಸ್ವಲ್ಪ ದಿನ ವೋಚರ್ ತಿರುವಿ ಹಾಕಿದೀನಿ. ಖಾಲಿ ಕಾಲಮ್ ನೋಡಿ ‘ಖರ್ಚಿಲ್ಲ’ ಅಂತ ಟಿಕ್ ಹಾಕಿ ನಾನೇ ಬೈಸಿಕೊಂಡಿದ್ದೆ.

ಅದಕ್ಕೇ ರಾಮನ್ ವಿಧಾನವನ್ನೂ ಜೊತೆಗಿಟ್ಟುಕೊಳ್ತಾರೆ. ಹೌದು, ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವೇ. ಲೇಸರ್ ಬಿದ್ದಾಗ ಚದುರೋ ಬೆಳಕಿನಲ್ಲಿ, ಕೊಳವೆ ಉಸಿರಾಡೋ ಥರ ಹಿಗ್ಗಿ ಕುಗ್ಗೋದರ ಗುರುತು ಸಿಗುತ್ತೆ. ಅದರಿಂದ ಅಗಲ ಲೆಕ್ಕ ಹಾಕಬಹುದು. ಲೋಹದ ಕೊಳವೆಗೂ ಇದು ನಡೆಯುತ್ತೆ, ಆದ್ರೆ ಲೇಸರಿನ ಬಣ್ಣ ಆ ಕೊಳವೆಗೆ ಹೊಂದಬೇಕು.

2019ರಲ್ಲಿ ಎಂಐಟಿ ತಂಡ 14,000ಕ್ಕೂ ಹೆಚ್ಚು ನ್ಯಾನೊಟ್ಯೂಬ್ ಟ್ರಾನ್ಸಿಸ್ಟರ್‌ಗಳ ಪ್ರೊಸೆಸರ್ ಮಾಡಿತು. ಮಾಮೂಲಿ ವಿನ್ಯಾಸಕ್ಕೆ 99.999999% ಅರೆವಾಹಕ ಬೇಕಿತ್ತು. ಲೋಹದ ಕಾಟ ಕಡಿಮೆ ತಟ್ಟೋ ಹಾಗೆ ಸರ್ಕ್ಯೂಟ್ ಜೋಡಿಸಿ, 99.99% ಇದ್ರೂ ಸಾಕು ಅಂತ ತೋರಿಸಿದ್ರು. ಅಂದ್ರೆ 10,000ಕ್ಕೆ ಒಂದು ಲೋಹ ಒಳಗೇ ಇರಬಹುದು, ಚಿಪ್ ಓಡುತ್ತೆ.