ಬಾನ್‌ಫೈರ್ ಎಂದರೆ ಒಳ್ಳೆ ಬೆಂಕಿಯೇ?

ಕಾಮನ ಹಬ್ಬಕ್ಕೆ ನಾವೆಲ್ಲ ಮನೆ ಮನೆ ತಿರುಗಿ ಕಟ್ಟಿಗೆ, ಬೆರಣಿ ಕೇಳಿ ತಂದು ಸುಡುತ್ತೇವಲ್ಲ, ಅಂಥ ದೊಡ್ಡ ಬೆಂಕಿಗೆ ಇಂಗ್ಲಿಷಿನಲ್ಲಿ ಬಾನ್‌ಫೈರ್ ಅನ್ನುತ್ತಾರೆ. ಫೈರ್ ಎಂದರೆ ಬೆಂಕಿ, ಅದು ಎಲ್ಲರಿಗೂ ಗೊತ್ತು. ಆದರೆ ಬಾನ್ ಎಂದರೇನು?

ಫ್ರೆಂಚ್ ಭಾಷೆಯಲ್ಲಿ ಬಾನ್ ಅಂದ್ರೆ ಒಳ್ಳೆಯದು ಅಂತ ಕಾಲೇಜಿಗೆ ಹೋಗುವ ನಮ್ಮಣ್ಣ ಹೇಳಿದ್ದ. ಅದಕ್ಕೆ ನಾನು ಕ್ಲಾಸಿನಲ್ಲಿ ಎದ್ದು ನಿಂತು ‘ಒಳ್ಳೆಯ ಬೆಂಕಿ ಸಾರ್’ ಅಂದೆ. ಪಕ್ಕದಲ್ಲಿ ಕೂರುವ ನನ್ನ ಗೆಳತಿ, ‘ಅಲ್ಲ ಕಣೇ, ಬೋನ್ ಅಂದ್ರೆ ಮೂಳೆ, ಅದು ಮೂಳೆ ಬೆಂಕಿ ಇರಬೇಕು’ ಅಂದಳು. ನಾನು ಜೋರಾಗಿ ನಕ್ಕೆ. ನನ್ನನ್ನು ನೋಡಿ ಎಲ್ಲರೂ ನಕ್ಕರು. ಅವಳು ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ.

ಆಮೇಲೆ ಮೇಷ್ಟ್ರು ದೊಡ್ಡ ಡಿಕ್ಷನರಿ ತಂದು ವಿವರಿಸಿದರು. ಅವಳು ಹೇಳಿದ್ದೇ ಸರಿ! 1483ರ ಒಂದು ಇಂಗ್ಲಿಷ್-ಲ್ಯಾಟಿನ್ ನಿಘಂಟು ಈ ಪದಕ್ಕೆ ‘ಮೂಳೆಗಳ ಬೆಂಕಿ’ ಎಂದೇ ಅರ್ಥ ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ಸಂತ ಜಾನರ ಹಬ್ಬದ ಹಿಂದಿನ ರಾತ್ರಿ ಬೆಂಕಿ ಹಾಕುತ್ತಿದ್ದರು. 600 ವರ್ಷಗಳಿಗೂ ಹಿಂದೆ ಅಲ್ಲಿ ಜಾನ್ ಮರ್ಕ್ ಎಂಬ ಪಾದ್ರಿ ಇದ್ದರು. ಆ ರಾತ್ರಿ ಮೂರು ಥರದ ಬೆಂಕಿ ಹಾಕುತ್ತಾರೆ ಎಂದು ಅವರು ಬರೆದಿದ್ದಾರೆ. ಬರೀ ಮೂಳೆ ಸುಟ್ಟರೆ ಬೋನ್‌ಫೈರ್. ಬರೀ ಕಟ್ಟಿಗೆಯಾದರೆ ವೇಕ್‌ಫೈರ್, ಅಂದ್ರೆ ಜನ ಎಚ್ಚರವಾಗಿ ಕೂತು ಕಾಯುವ ಬೆಂಕಿ. ಎರಡೂ ಸೇರಿದರೆ ಅದು ಸಂತ ಜಾನರ ಬೆಂಕಿ. ಮೂಳೆ ಸುಟ್ಟ ನಾತಕ್ಕೆ ಡ್ರ್ಯಾಗನ್‌ಗಳು ಓಡಿಹೋಗುತ್ತವೆ ಎಂದು ಆಗ ನಂಬಿದ್ದರಂತೆ. ಆ ನಾತಕ್ಕೆ ಡ್ರ್ಯಾಗನ್ ಏನು, ನಾನೂ ಓಡಿಹೋಗುತ್ತಿದ್ದೆ!

ಹಾಗಾದರೆ ಬೋನ್ ಹೋಗಿ ಬಾನ್ ಆಗಿದ್ದು ಹೇಗೆ? ಎರಡು ಪದ ಕೂಡಿದಾಗ ಇಂಗ್ಲಿಷಿನಲ್ಲಿ ಮೊದಲ ಪದದ ದೀರ್ಘ ಎಷ್ಟೋ ಸಲ ಗಿಡ್ಡ ಆಗುತ್ತದೆ. ಹೋಲಿ ಮತ್ತು ಡೇ ಸೇರಿ ಹಾಲಿಡೇ ಆಗಿದೆ, ನಮಗೆಲ್ಲ ಇಷ್ಟವಾದ ಪದ. ಕುರಿಗೆ ಶೀಪ್, ಕುರಿ ಕಾಯುವವನಿಗೆ ಶೆಪರ್ಡ್. ಹೀಗೆ ಉಚ್ಚಾರ ಬದಲಾಗಿ, ಮೂಳೆ ಸುಡುವುದೂ ನಿಂತಮೇಲೆ ಜನರಿಗೆ ಹಳೇ ಅರ್ಥ ಮರೆತೇ ಹೋಯಿತು. 1755ರಲ್ಲಿ ದೊಡ್ಡ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಅವರೂ ಬಾನ್ ಅಂದರೆ ಒಳ್ಳೆಯದು ಅಂತಲೇ ಬರೆದುಬಿಟ್ಟರು. ಅಷ್ಟು ದೊಡ್ಡ ಪಂಡಿತರೇ ನನ್ನ ಹಾಗೆ ತಪ್ಪಿದ್ದಾರೆ ಅಂತ ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಅವರು ಗೆಳತಿಯನ್ನು ನೋಡಿ ನಕ್ಕಿರಲಿಲ್ಲ.

ಇದನ್ನು ಗೋಡೆಗೆ ಅಂಟಿಸುವ ಮೊದಲು ಅವಳಿಗೇ ಓದಲು ಕೊಟ್ಟೆ. ಎರಡು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿ ಕೊಟ್ಟಳು. ಕೆಳಗಿರುವ ಬೆಂಕಿಯ ಚಿತ್ರವೂ ಅವಳದ್ದೇ.

– 7ನೇ ತರಗತಿ ವಿದ್ಯಾರ್ಥಿನಿ